ಕಾವು ಏರುವ ಮುನ್ನ

೧೧ ಫೆಬ್ರವರಿ

ಮುದ್ದು ಗುಬ್ಬಿಗೆ,

ಈ ಕಾಗದದ ಜೊತೆ ಹಲ್ಲುಜ್ಜುವ ಬ್ರಶ್ಶಿನ ಡಬ್ಬಿಯೊಂದು ಬಂದಿರುತ್ತದೆ. ದೊಡ್ಡಮ್ಮನಿಗೆ ಬುದ್ಧಿ ಕೆಟ್ಟಿತೆಂದು ಎಸೆದುಬಿಟ್ಟೀಯೆ! ಒಳಗೆ ಹತ್ತಿಯಲ್ಲಿ ಸುತ್ತಿದ ಥರ್ಮಾಮೀಟರ್ ಇದೆ. ನಾನು ಕೋಳಿಮರಿ ಮಾಡುವ ಹ್ಯಾಚರಿಗೆ ಸೇರಿದ ವರ್ಷ ನಮ್ಮ ಮೇಸ್ತ್ರಿ ಕೊಟ್ಟಿದ್ದು. "ಇದು ಒಡೆದ್ರೆ ನಿನ್ನ ತಲೆ ಒಡೀತೀನಿ" ಎಂದಿದ್ದ. ಮೇಸ್ತ್ರಿ ಹೋಗಿ ಎಷ್ಟೋ ಕಾಲವಾಯಿತು. ಥರ್ಮಾಮೀಟರೂ ನನ್ನ ತಲೆಯೂ ಇನ್ನೂ ಗಟ್ಟಿಯಾಗಿವೆ.

ನಿನ್ನ ಕಾಗದ ಓದಿದೆ. ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಏನೂ ಇಲ್ಲ ಎಂದು ಬರೆದ ಸಾಲಿನ ಮೇಲೆ ನೀರು ಬಿದ್ದಿತ್ತು. ಚಹಾ ಚೆಲ್ಲಿತೆಂದು ಪಕ್ಕದಲ್ಲೇ ಬರೆದಿದ್ದೀಯ. ಚಹಾಕ್ಕೆ ಬಣ್ಣ ಇರುತ್ತದಮ್ಮ.

ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಕಿವಿ ಉಳಿದಿಲ್ಲ. ಕಾವಿನ ಯಂತ್ರಗಳ ಫ್ಯಾನು ಎರಡನ್ನೂ ತಿಂದು ಹಾಕಿತು. ಹಾಗಾಗಿ ಬರೆಯುತ್ತೇನೆ, ಗಮನವಿಟ್ಟು ಓದು. ಬೆಳಿಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳುವ ಮುಂಚೆ, ಯಾರ ಜೊತೆಯೂ ಮಾತಾಡುವ ಮುಂಚೆ, ಥರ್ಮಾಮೀಟರನ್ನು ನಾಲಿಗೆಯ ಕೆಳಗಿಡು. ಮುಟ್ಟು ಕಳೆದ ಮೇಲೆ ಕೆಲವು ದಿನ ಪಾದರಸ ಕೆಳಗೇ ತೂಕಡಿಸುತ್ತಿರುತ್ತದೆ. ಆಮೇಲೆ ಒಂದು ಬೆಳಿಗ್ಗೆ ಎರಡು ಮೂರು ಗೆರೆ ಏರಿ ಅಲ್ಲೇ ಕುಳಿತುಬಿಡುತ್ತದೆ. ಅದೇ ಕಾವು. ಮೈ ತಯಾರಾಯಿತು ಎಂದು ಅರ್ಥ. ಅಳಿಯಂದಿರಿಗೆ ಸೇತುವೆ ಕೆಲಸದಲ್ಲಿ ತಿಂಗಳಿಗೆ ಎರಡೇ ದಿನ ರಜೆ ಎನ್ನುತ್ತೀಯ. ಆ ಎರಡು ದಿನವನ್ನು ಅದಕ್ಕೇ ಇಟ್ಟುಕೊಳ್ಳಲಿ. ಕಾವು ಏರಿದ ದಿನ ಹೇಳಿಕಳಿಸು.

ನೀನೂ ಈಗ ಹ್ಯಾಚರಿ ಸೇರಿದವಳು, ನಿನಗೆ ಹೇಳಬೇಕೇ? ಮೊಟ್ಟೆ ತಣ್ಣಗಿರುವಷ್ಟು ದಿನ ಕಲ್ಲಿನ ಹಾಗೆ ಬಿದ್ದಿರುತ್ತದೆ. ಕಾವು ತಾಕಿದ ಮೇಲೇ ಅದಕ್ಕೆ ಜೀವದ ನೆನಪಾಗುವುದು. ಹೆಂಗಸಿನ ಮೈ ಬೇರೆಯೇ? ನಮ್ಮಲ್ಲಿಗೆ ಬರುತ್ತಿದ್ದ ನರ್ಸಮ್ಮ ಒಮ್ಮೆ, "ತಿಂಗಳಲ್ಲಿ ಒಂದ್ಸಲ ಒಳಗಿನ ಮೊಟ್ಟೆ ಹೊರಗೆ ಬರತ್ತೆ, ಆಗ ಮೈ ಬಿಸಿ ಏರತ್ತೆ" ಎಂದಿದ್ದಳು. ಅಷ್ಟು ಸಾಕಾಯಿತು ನಮಗೆ. ಉಳಿದದ್ದನ್ನು ನಾವು ಕೆಲಸದವರೇ ಸೇರಿಸಿಕೊಂಡೆವು.

ಕಾವು ಬರುವವರೆಗೆ ಮಾತ್ರ ಇಬ್ಬರೂ ಸುಮ್ಮನಿರಿ. ಶಕ್ತಿ ಕೂಡಿಡಿ. ನಾನೂ ನಿನ್ನ ದೊಡ್ಡಪ್ಪನೂ ಹಾಗೇ ಮಾಡುತ್ತಿದ್ದೆವು. ನಮಗೆ ಫಲಿಸಲಿಲ್ಲ, ಅದು ಬೇರೆ ಮಾತು. ನೀನು ಎಳೆಗೂಸಾಗಿ ನನ್ನ ಮನೆಗೆ ಬಂದು ನನ್ನ ಮಡಿಲು ತುಂಬಿದೆಯಲ್ಲ.

ನಿನ್ನ ದೊಡ್ಡಮ್ಮ


೨೦ ಮಾರ್ಚ್

ಪ್ರೀತಿಯ ದೊಡ್ಡಮ್ಮನಿಗೆ,

ನಿನ್ನ ಥರ್ಮಾಮೀಟರ್ ನನ್ನ ದಿಂಬಿನ ಪಕ್ಕದಲ್ಲೇ ಇದೆ. ಬಾಯಲ್ಲಿ ಅದನ್ನಿಟ್ಟುಕೊಂಡು ಸೂರು ನೋಡುತ್ತಾ ಮಲಗುವುದು ಅಭ್ಯಾಸವಾಗಿದೆ. ಹಾಲಿನವಳು ಬಾಗಿಲು ಬಡಿದರೂ ಉತ್ತರ ಕೊಡುವಂತಿಲ್ಲ. ನನಗೆ ಸೊಕ್ಕು ಎಂದು ಅವಳು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಕೆಲಸ ಚೆನ್ನಾಗಿದೆ. ನನ್ನನ್ನು ದೀಪದ ಕೋಣೆಗೆ ಹಾಕಿದ್ದಾರೆ. ಕಿಟಕಿಗೆ ಕಪ್ಪು ಬಟ್ಟೆ, ಮೇಜಿನ ಮೇಲೆ ಒಂದೇ ದೀಪ. ಒಂದೊಂದೇ ಮೊಟ್ಟೆಯನ್ನು ಅದರ ಮುಂದೆ ಹಿಡಿದು ನೋಡಬೇಕು. ಜೀವ ಇದ್ದರೆ ಕೆಂಪು ನರಗಳು ಜೇಡನ ಕಾಲಿನ ಹಾಗೆ ಹರಡಿರುತ್ತವೆ. ಇಲ್ಲದಿದ್ದರೆ ಇಡೀ ಮೊಟ್ಟೆ ಬೆಳಗುತ್ತದೆ. ಖಾಲಿ ಮೊಟ್ಟೆ ಇಷ್ಟು ಚೆನ್ನಾಗಿ ಹೊಳೆಯುತ್ತದೆಂದು ನೀನು ಯಾಕೆ ಹೇಳಿರಲಿಲ್ಲ? ಅದನ್ನು ಎತ್ತಿ ಪಕ್ಕಕ್ಕಿಡುವಾಗ ನನ್ನ ಕೈ ತಡೆಯುತ್ತದೆ. ಮೇಲ್ವಿಚಾರಕಿ ಗದರುತ್ತಾಳೆ. "ಏನಮ್ಮ, ಅದರ ಜಾತಕ ನೋಡ್ತಿದ್ದೀಯಾ?"

ಈ ತಿಂಗಳು ಕಾವು ಏರಿದ ಬೆಳಿಗ್ಗೆಯೇ ಇವರಿಗೆ ಹೇಳಿಕಳಿಸಿದೆ. ಮಾರನೆಯ ಸಂಜೆ ಬಂದರು. ಮೈತುಂಬ ಸಿಮೆಂಟು, ಮುಖದಲ್ಲಿ ನಗು. "ಹ್ಯಾಚರಿಯವರು ಹೇಳಿದ ಹೊತ್ತಿಗೆ ಹಾಜರ್. ಟ್ರೇ ಎಲ್ಲಿ, ಹೇಳಿ, ಹೋಗಿ ಕೂತ್ಕೋತೀನಿ" ಎಂದರು. ನಕ್ಕೂ ನಕ್ಕೂ ಸಾಕಾಯಿತು. ಆದರೆ ನಿನ್ನೆ ಮುಟ್ಟಾದೆ.

ಒಂದು ಮಾತು ಕೇಳಬೇಕಿತ್ತು. ಕಾವಿಗೆ ಮೂರು ದಿನ ಮುಂಚೆ ಕೆಲಸ ನಿಂತಿತೆಂದು ಇವರು ತಾವಾಗಿ ಒಂದು ರಾತ್ರಿಗೆ ಬಂದಿದ್ದರು. ಪಾದರಸ ಇನ್ನೂ ಕೆಳಗಿತ್ತು, ನೀನು ಹೇಳಿದ ಹಾಗೆ ಬೇರೆ ಹಾಸಿಗೆ ಹಾಕಿದೆ. ಆಗ ನನಗೆ ಬಿಳಿ ಹೋಗುತ್ತಿತ್ತು. ಬಿಳಿ ಎಂದರೆ ಬಿಳಿಯೂ ಅಲ್ಲ, ಹಸಿ ಮೊಟ್ಟೆಯ ಲೋಳೆಯ ಹಾಗೆ ತಿಳಿಯಾಗಿ, ಎಳೆದರೆ ಎಳೆಯಾಗಿ ಬರುತ್ತಿತ್ತು. ಪ್ರತಿ ತಿಂಗಳೂ ಆಗುತ್ತದೆ. ಕಾಯಿಲೆ ಇರಬಹುದೇ?

ಸೇತುವೆ ಅಕ್ಟೋಬರಿಗೆ ಮುಗಿಯುತ್ತದಂತೆ. ಆಮೇಲೆ ಇವರನ್ನು ಬಂದರಿನ ಕೆಲಸಕ್ಕೆ ಕಳಿಸುತ್ತಾರೆ, ಎರಡು ವರ್ಷ. ಅಲ್ಲಿಂದ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅಷ್ಟರಲ್ಲಿ ನನಗೆ ಮೂವತ್ತೊಂಬತ್ತು ತುಂಬುತ್ತದೆ. ಆದದ್ದೆಲ್ಲ ಅಕ್ಟೋಬರಿನೊಳಗೇ ಆಗಬೇಕು. ನಿನ್ನ ಮನೆಯ ಸುದ್ದಿ ಏನು, ಗೋಡೆಯೊಳಗಿಂದ ನಿನಗೆ ಕೇಳಿಸುತ್ತಿದ್ದ ಆ ದನಿ ಇನ್ನೂ ಬರುತ್ತದೆಯೇ?

ನಿನ್ನ ಗುಬ್ಬಿ


೨ ಏಪ್ರಿಲ್

ಗುಬ್ಬಿ ಮಗಳೇ,

ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ. ನನಗೂ ಹಾಗೇ ಆಗುತ್ತಿತ್ತು. ಕಾವಿಗೆ ಮುಂಚೆ ಮೈ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಬಿಸಿ ಏರಿದ ಕೂಡಲೇ ಒಣಗಿಹೋಗುತ್ತದೆ. ಆ ದಿನಗಳಲ್ಲಿ ದೂರ ಇದ್ದದ್ದು ಒಳ್ಳೆಯದೇ ಆಯಿತು.

ಒಂದು ತಿಂಗಳಿಗೇ ಮುಖ ಬಾಡಿಸಿಕೊಂಡರೆ ಹೇಗೆ? ನನ್ನ ಕತೆ ಕೇಳು. ನಿನ್ನ ದೊಡ್ಡಪ್ಪ ಮರದ ಡಿಪೋದಲ್ಲಿದ್ದರು. ಮರಿಗಳನ್ನು ಸಾಗಿಸುವ ನಮ್ಮ ಲಾರಿ ಅದೇ ದಾರಿಯಲ್ಲಿ ಹೋಗುತ್ತಿತ್ತು. ಬಿಸಿ ಏರಿದ ದಿನ ನಾನು ಡ್ರೈವರಿಗೆ, "ನಮ್ಮವರಿಗೆ ಕಾವು ಬಂದಿದೆ ಅಂತ ಹೇಳಿಬಿಡಣ್ಣ" ಎನ್ನುತ್ತಿದ್ದೆ. ಆ ಪುಣ್ಯಾತ್ಮ ಅದು ಮೊಟ್ಟೆಯ ವಿಷಯವೆಂದೇ ತಿಳಿದಿದ್ದ. ಒಂದು ಸಲ ಡಿಪೋದ ಹತ್ತು ಜನರ ಮುಂದೆ, "ಏನ್ರೀ, ಯಂತ್ರಕ್ಕೆ ಕಾವು ಬಂದ್ರೆ ನಿಮ್ಮನ್ನ ಯಾಕೆ ಕರೀತಾರೆ? ನೀವೇನು ರಿಪೇರಿ ಮಾಡ್ತೀರಾ?" ಎಂದು ಕೇಳಿದನಂತೆ. ಅಂದಿನಿಂದ ಡಿಪೋದಲ್ಲಿ ಅವರ ಹೆಸರೇ ರಿಪೇರಿ ಆಯಿತು. ಸಾಯುವವರೆಗೂ ಹಾಗೇ ಕರೆದರು.

ನನ್ನ ಮನೆಯ ಸುದ್ದಿ ಕೇಳಿದ್ದೀಯ. ಹೌದು, ಆ ದನಿ ಇನ್ನೂ ಬರುತ್ತಿದೆ. ಕಿವಿ ಡಾಕ್ಟರು, ಕಿವುಡರಿಗೆ ಹೀಗೆ ಏನಾದರೂ ಮೊಳಗುವುದುಂಟು ಎಂದರು. ಇರಬಹುದು. ಆದರೆ ಬಸ್ಸಿನ ಹಾರನ್ನು ಕೇಳಿಸದ ಕಿವಿಗೆ ಅದು ಕೇಳಿಸುತ್ತದೆ, ಅದೂ ಮಲಗುವ ಕೋಣೆಯ ಗೋಡೆಯಿಂದ ಮಾತ್ರ. ಇಪ್ಪತ್ತೊಂದು ದಿನ ತುಂಬುವ ಮುಂಚೆ ಮರಿ ಚಿಪ್ಪೊಳಗಿಂದ ಕೂಗುತ್ತದಲ್ಲ, ಅದೇ ದನಿ. ಹ್ಯಾಚರಿಯಲ್ಲಿ ಒಂದು ಕೂಗಿದರೆ ಪಕ್ಕದ ಮೊಟ್ಟೆ ಓಗೊಡುತ್ತದೆ. ಹಾಗೆ ಒಂದನ್ನೊಂದು ಕರೆಯುತ್ತಾ ಒಟ್ಟಿಗೇ ಹೊರಗೆ ಬರುತ್ತವೆ. ನನ್ನ ಗೋಡೆಯಲ್ಲಿರುವುದು ಒಂಟಿ. ತಿಂಗಳಲ್ಲಿ ಕೆಲವು ದಿನ ಮಧ್ಯಾಹ್ನ ಕೂಗುತ್ತದೆ, ಆಮೇಲೆ ಸುಮ್ಮನಾಗುತ್ತದೆ.

ಮೊದಲು ಕೇಳಿದ್ದು ನಮ್ಮ ಮದುವೆಯ ಎರಡನೇ ವರ್ಷ. ತಮಾಷೆ ಏನೆಂದರೆ, ನಿನ್ನ ದೊಡ್ಡಪ್ಪ ಬಂದ ದಿನ ಅದು ಕೂಗುತ್ತಲೇ ಇರಲಿಲ್ಲ. "ನಿನ್ನೆವರೆಗೂ ಕೂಗ್ತಿತ್ತು ಕಣ್ರೀ" ಎಂದರೆ, "ನಾನು ಬಂದ್ರೆ ನಿನ್ನ ದೆವ್ವಕ್ಕೂ ಭಯ" ಎಂದು ನಗುತ್ತಿದ್ದರು. ನೀನು ಪುಟ್ಟವಳಾಗಿದ್ದಾಗ ಆ ಗೋಡೆಯ ಪಕ್ಕ ಮಲಗಿಸಿದರೆ ಕಿವಿ ಅತ್ತ ಇಟ್ಟು ಸುಮ್ಮಸುಮ್ಮನೆ ನಗುತ್ತಿದ್ದೆ. ನೆನಪಿದೆಯೇ?

ನಿನ್ನ ದೊಡ್ಡಮ್ಮ


೯ ಜೂನ್

ದೊಡ್ಡಮ್ಮ,

ತಡವಾಗಿ ಬರೆಯುತ್ತಿದ್ದೇನೆ. ಏಪ್ರಿಲ್ ಕೊನೆಯಲ್ಲಿ ಮುಟ್ಟಾದೆ. ಮೊನ್ನೆ ಮತ್ತೆ ಆದೆ. ಎರಡು ಸಲವೂ ಕಾವು ನೋಡಿಯೇ ಕರೆಸಿದ್ದೆ.

ಹ್ಯಾಚರಿಯ ಕೆಲಸದವರನ್ನು ನೋಡುವ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಏನೇನೋ ವಿವರಿಸಿದರು. ಅದನ್ನೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ನಿನ್ನ ಥರ್ಮಾಮೀಟರ್ ಚೆನ್ನಾಗಿದೆ, ಅದರಲ್ಲಿ ತಪ್ಪೇನೂ ಇಲ್ಲ ಎಂದರು.

ಗೋಡೆಯ ಪಕ್ಕ ನಕ್ಕದ್ದು ನನಗೆ ನೆನಪಿಲ್ಲ.

ಗುಬ್ಬಿ


೧೭ ಜೂನ್

ಗುಬ್ಬಿ,

ಏನೇನೋ ಎಂದರೆ ಏನು? ನೀನು ಸಣ್ಣವಳಿದ್ದಾಗ ಲೋಟ ಒಡೆದರೂ ಹೀಗೇ. "ತಟ್ಟೆ ಚೆನ್ನಾಗಿದೆ ದೊಡ್ಡಮ್ಮ" ಎಂದು ಬಂದು ಹೇಳುತ್ತಿದ್ದೆ. ಈಗ ಥರ್ಮಾಮೀಟರ್ ಚೆನ್ನಾಗಿದೆ ಎನ್ನುತ್ತೀಯ. ಹಾಗಾದರೆ ಒಡೆದದ್ದು ಯಾವುದು?

ನಿನಗೇನಾದರೂ ದೊಡ್ಡ ಕಾಯಿಲೆ ಹೇಳಿದರೇ? ನಾನು ಊಟ ಬಿಟ್ಟು ಕುಳಿತಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಬರೆ. ಬರೆಯದಿದ್ದರೆ ಮುಂದಿನ ಬಸ್ಸಿಗೆ ಹೊರಟು ಬರುತ್ತೇನೆ. ಹಾರನ್ನು ಕೇಳಿಸದವಳು ರಸ್ತೆ ದಾಟುವುದು ಹೇಗೆಂದು ನೀನೇ ಯೋಚಿಸು.

ದೊಡ್ಡಮ್ಮ


೩೦ ಜೂನ್

ಪ್ರೀತಿಯ ದೊಡ್ಡಮ್ಮನಿಗೆ,

ನನಗೆ ಕಾಯಿಲೆ ಇಲ್ಲ. ಮೊದಲು ಊಟ ಮಾಡು, ಆಮೇಲೆ ಓದು.

ಡಾಕ್ಟರಮ್ಮ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. "ತಿನ್ನುತ್ತಾ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದರು. ನಾನು ನಮ್ಮ ಕ್ರಮವನ್ನೆಲ್ಲ ಹೇಳಿದೆ. ಅವರ ಕೈ ಬಾಯಿಯ ಹತ್ತಿರವೇ ನಿಂತಿತು.

"ಬಿಸಿ ಏರಿದ ಮೇಲೆ ಕರೆಸ್ತೀರಾ?"

"ಹೌದು. ಮಾರನೇ ದಿನ ಬರ್ತಾರೆ."

"ಅಯ್ಯೋ, ಬಸ್ಸು ಹೋದ ಮೇಲೆ ಸ್ಟಾಪಿಗೆ ಬಂದ ಹಾಗಾಯ್ತಲ್ಲಮ್ಮ."

ದೊಡ್ಡಮ್ಮ, ಬಿಸಿ ಏರುವುದು ಮೈ ತಯಾರಾಯಿತೆಂದಲ್ಲವಂತೆ. ಅಂಡ ಹೊರಗೆ ಬಂದು ಹೋಯಿತೆಂದು. ಹೊರಬಂದ ಅಂಡ ಒಂದು ದಿನ ಉಳಿದರೆ ಹೆಚ್ಚು, ಪಾದರಸ ಏರಿ ಕೂರುವಷ್ಟರಲ್ಲಿ ಅದರ ಕಾಲ ಮುಗಿದೇಹೋಗಿರುತ್ತದೆ. ಗಂಡಸಿನ ವೀರ್ಯ ಮಾತ್ರ ಒಳಗೆ ಮೂರು ದಿನ, ಕೆಲವು ಸಲ ಐದು ದಿನವೂ ಬದುಕಿರುತ್ತದೆ. "ಕಾಯೋದು ಅದರ ಕೆಲಸ, ಅಂಡದ್ದಲ್ಲ. ಅದು ಮೊದಲೇ ಹೋಗಿ ಕಾದಿರಬೇಕು" ಎಂದರು.

ನಾನು ಆ ಲೋಳೆಯ ವಿಷಯ ಕೇಳಿದೆ. ಕಾಯಿಲೆ ಎಂದುಕೊಂಡು ಗಂಡನನ್ನು ದೂರ ಮಲಗಿಸಿದ್ದನ್ನೂ ಹೇಳಿದೆ. ಅವರು ಬುತ್ತಿ ಮುಚ್ಚಿಟ್ಟರು. "ಅದೇ ನಿಮ್ಮ ದಿನಗಳು. ಆ ಲೋಳೆಯಿಂದಲೇ ವೀರ್ಯ ಒಳಗೆ ಹೋಗೋದು, ಅದರಲ್ಲೇ ಬದುಕೋದು. ಅದು ತಿಳಿಯಾಗಿ ಎಳೆ ಬಂತು ಅಂದ್ರೆ ಅಂಡ ಹೊರಡೋ ಹೊತ್ತಾಯ್ತು ಅಂತ ಮೈ ಹೇಳ್ತಿದೆ" ಎಂದರು.

ಹದಿನಾಲ್ಕನೇ ದಿನ ಎಂದು ಎಲ್ಲರೂ ಹೇಳುತ್ತಾರಲ್ಲ ಎಂದೆ. ಅದು ಎಲ್ಲರ ಲೆಕ್ಕವಲ್ಲವಂತೆ. ನನಗೆ ಮುಟ್ಟು ಬರುವುದೇ ಮೂವತ್ತೈದು ದಿನಕ್ಕೊಮ್ಮೆ, ಒಮ್ಮೊಮ್ಮೆ ಇನ್ನೂ ತಡ. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಹೆಚ್ಚುಕಡಿಮೆ ಎರಡು ವಾರ ಎಣಿಸಬೇಕು. "ಆದ್ರೆ ಮುಂದಿನದು ಬಂದ ಮೇಲೆ ತಾನೇ ಎಣಿಸೋಕಾಗೋದು! ಅದಕ್ಕೇ ಮೈ ಕೊಡೋ ಗುರುತು ನೋಡಿ" ಎಂದರು. ಥರ್ಮಾಮೀಟರ್ ಸುಳ್ಳು ಹೇಳುವುದಿಲ್ಲ, ಆಗಿಹೋದದ್ದನ್ನು ಹೇಳುತ್ತದೆ, ಅಷ್ಟೇ.

ಎದ್ದು ಬರುವಾಗ ಒಂದು ಮಾತು ಕೇಳಿದೆ. ಹಿಂದೆ ನಮ್ಮ ಮನೆಯಲ್ಲಿ ಒಬ್ಬರು ವರ್ಷಗಟ್ಟಲೆ ಹೀಗೇ ಮಾಡಿದ್ದರು ಎಂದೆ. ಮಕ್ಕಳಾಗದಿರಲು ನೂರು ಕಾರಣ ಇರುತ್ತವೆ, ಇದೇ ಎಂದು ಈಗ ಯಾರೂ ಹೇಳಲಾರರು ಎಂದರು. ನನ್ನ ಮುಖ ನೋಡಿ ಹೇಳಲಿಲ್ಲ.

ಬರೆಯಬಾರದೆಂದೇ ಇದ್ದೆ. ನೀನು ರಸ್ತೆ ದಾಟುತ್ತೇನೆಂದು ಹೆದರಿಸಿದೆ.

ನಿನ್ನ ಗುಬ್ಬಿ


೩ ಆಗಸ್ಟ್

ದೊಡ್ಡಮ್ಮ,

ನಿನ್ನಿಂದ ಕಾಗದವಿಲ್ಲ. ಎರಡು ಸಲ ನಿನ್ನ ಪಕ್ಕದ ಮನೆ ದರ್ಜಿಗೆ ಫೋನ್ ಮಾಡಿದೆ. ಜಗಲಿಯಲ್ಲಿ ಕುಳಿತಿದ್ದಾರೆ, ಚೆನ್ನಾಗಿದ್ದಾರೆ, ಮಾತು ಮಾತ್ರ ಕಡಿಮೆ ಎಂದ. ನಿನಗೆ ಮಾತು ಕಡಿಮೆಯಾಗುವುದೆಂದರೆ ಏನು?

ಜುಲೈನಲ್ಲಿ ಆ ದಿನಗಳು ಬಂದವು. ಗುರುತು ಗೊತ್ತಾಯಿತು. ಇವರಿಗೆ ಹೇಳಿಕಳಿಸಲಿಲ್ಲ. ನನ್ನ ಕೈಲಿ ಆಗಲಿಲ್ಲ. ನಿನ್ನಿಂದ ಕಿತ್ತುಕೊಂಡು ಉಣ್ಣುವ ಹಾಗೆ ಅನಿಸಿತು. ಇವರು, "ಈ ತಿಂಗಳು ಹ್ಯಾಚರಿಗೆ ರಜೆಯಾ?" ಎಂದು ಕೇಳಿಕಳಿಸಿದರು. ಹೌದು ಎಂದೆ.

ಒಂದು ಸಾಲಾದರೂ ಬರೆ.

ಗುಬ್ಬಿ


೨೧ ಆಗಸ್ಟ್

ಮಗಳೇ,

ಬರೆಯದಿದ್ದದ್ದಕ್ಕೆ ಕೈನೋವು ಎಂದು ಹೇಳೋಣವೆಂದುಕೊಂಡೆ. ಕೈ ಚೆನ್ನಾಗಿಯೇ ಇದೆ.

ನಿನ್ನ ಕಾಗದ ಓದಿ ನಾನು ಮೊದಲು ನಕ್ಕೆ, ಗೊತ್ತೇ? ಗಟ್ಟಿಯಾಗಿ ನಕ್ಕೆನೆಂದು ಕಾಣುತ್ತದೆ, ದರ್ಜಿ ಓಡಿಬಂದ. ನಕ್ಕದ್ದು ಯಾಕೆಂದರೆ, ಹುಂಜ ನೆನಪಾಯಿತು. ಹ್ಯಾಚರಿಯಲ್ಲಿ ಹುಂಜ ಎಲ್ಲಿತ್ತು ಗುಬ್ಬಿ? ನಮ್ಮ ಕೈಗೆ ಮೊಟ್ಟೆ ಬರುತ್ತಿದ್ದದ್ದೇ ಹುಂಜದ ಕೆಲಸ ಮುಗಿದ ಮೇಲೆ, ಎಲ್ಲೋ ದೂರದ ಫಾರ್ಮಿನಿಂದ. ನಾವು ಕಂಡದ್ದು ಕಾವಿನಿಂದ ಮುಂದಿನದು ಮಾತ್ರ. ಅದನ್ನೇ ಆರಂಭ ಎಂದು ತಿಳಿದೆವು. ಮೂವತ್ತು ವರ್ಷ ಮೊಟ್ಟೆಗಳ ನಡುವೆ ಇದ್ದೂ ಹುಂಜವನ್ನೇ ಮರೆತವರು ನಾವು! ಉಳಿದ ಹೆಂಗಸರಿಗೆ ಮಕ್ಕಳಾದವು. ಅವರ ಗಂಡಂದಿರು ದಿನವೂ ಮನೆಯಲ್ಲಿರುತ್ತಿದ್ದರು, ಕಾವಿಗೆ ಯಾರು ಕಾಯುತ್ತಿದ್ದರು! ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವಳು ನಾನೊಬ್ಬಳೇ.

ನಕ್ಕು ಮುಗಿದ ಮೇಲೆ ಕುಳಿತೆ. ಕುಳಿತವಳು ಎದ್ದಿರಲಿಲ್ಲ, ಇವತ್ತು ಏಳುತ್ತಿದ್ದೇನೆ.

ಡಾಕ್ಟರಮ್ಮ ಹೇಳಿದ್ದು ಸರಿ, ಇದೇ ಕಾರಣ ಎಂದು ಯಾರೂ ಹೇಳಲಾರರು. ಆದರೆ ನಿನ್ನ ದೊಡ್ಡಪ್ಪ ಒಂದು ಸಲ ಹೇಳದೆ ಕೇಳದೆ ಬಂದಿದ್ದರು. ಡಿಪೋಗೆ ಬೀಗ ಬಿದ್ದಿತ್ತು. ಆ ಲೋಳೆಯಿಂದ ನನ್ನ ಮೈ ಒದ್ದೆಯಾಗಿದ್ದ ದಿನಗಳು. ಬೇರೆ ಚಾಪೆ ಹಾಕಿದೆ. "ಇಷ್ಟು ದೂರದಿಂದ ಬಂದವನಿಗೆ ಜಗಲಿ ಸಾಕೇನೇ?" ಎಂದರು. "ಕಾವು ಬರಲಿ ತಡೀರಿ" ಎಂದೆ. ನಾಲ್ಕು ದಿನ ಜಗಲಿಯಲ್ಲೇ ಮಲಗಿದರು. ಐದನೇ ದಿನ ಡಿಪೋ ತೆರೆಯಿತು, ಹೋದರು. ಆ ನಾಲ್ಕು ದಿನ ಗೋಡೆಯಲ್ಲಿ ಅದು ಕೂಗಿದ ಹಾಗೆ ಮತ್ತೆಂದೂ ಕೂಗಿಲ್ಲ. ಅವರು ಮನೆಯಲ್ಲಿದ್ದಾಗ ಅದು ಕೂಗಿದ್ದು ಆ ಒಂದೇ ಸಲ. ಅವರಿಗೆ ಕೇಳಿಸಲಿಲ್ಲ. ನಾನು ಒಳಗಿನಿಂದ ಗೋಡೆಗೆ ಗುದ್ದಿ ಸುಮ್ಮನಿರಿಸಲು ನೋಡಿದೆ.

ಅವರು ಬಂದರೆ ಅದಕ್ಕೆ ಭಯ ಎಂದುಕೊಂಡಿದ್ದೆವು. ಭಯವಲ್ಲ. ಅದು ಕರೆಯುತ್ತಿದ್ದದ್ದು ಮುಂಚೆ, ಗುಬ್ಬಿ. ನಾವು ಬಾಗಿಲು ತೆರೆಯುತ್ತಿದ್ದದ್ದು ಆಮೇಲೆ.

ಇನ್ನು ನಿನ್ನ ಮಾತು. ನನ್ನ ಹೆಸರು ಹೇಳಿಕೊಂಡು ನೀನು ಹಸಿದಿರಬೇಡ. ನನ್ನಿಂದ ಕಿತ್ತುಕೊಳ್ಳಲು ನನ್ನ ಹತ್ತಿರ ಏನಿದೆ? ಅಕ್ಟೋಬರಿಗೆ ಎಷ್ಟು ದೂರ ಉಳಿಯಿತು? ಈ ಸಲ ಹೇಳಿಕಳಿಸಬೇಡ, ಕಾಯಬೇಡ. ಮೈ ಒದ್ದೆಯಾದ ದಿನ ನೀನೇ ಎದ್ದು ಹೋಗು. ಥರ್ಮಾಮೀಟರನ್ನು ಮನೆಯಲ್ಲೇ ಬಿಟ್ಟು ಹೋಗು.

ನಿನ್ನ ದೊಡ್ಡಮ್ಮ


೧೪ ಅಕ್ಟೋಬರ್

ಪ್ರೀತಿಯ ದೊಡ್ಡಮ್ಮನಿಗೆ,

ಹೋಗಿದ್ದೆ. ಸೆಪ್ಟೆಂಬರ್ ಮೊದಲ ವಾರ, ಮರಿಗಳ ಲಾರಿಯಲ್ಲಿ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಬೆನ್ನ ಹಿಂದೆ ಪೆಟ್ಟಿಗೆ ಪೆಟ್ಟಿಗೆ ಮರಿಗಳ ಗಲಾಟೆ. ಡ್ರೈವರ್, "ಎಲ್ಲಿಗಮ್ಮ ಇಷ್ಟು ಅವಸರದಲ್ಲಿ?" ಎಂದ. "ರಿಪೇರಿಗೆ" ಎಂದೆ. ದೊಡ್ಡಪ್ಪ ಎಲ್ಲಿದ್ದರೂ ನಕ್ಕಿರಬೇಕು.

ಇವರು ಸೇತುವೆಯ ಮೇಲೆ, ಅರ್ಧ ಆಕಾಶದಲ್ಲಿ ನಿಂತಿದ್ದರು. ಜೊತೆಯವರು ಶಿಳ್ಳೆ ಹೊಡೆದರು. ಸಿಮೆಂಟಿನ ಚೀಲ ಇಡುವ ಕೋಣೆಯನ್ನು ಗುಡಿಸಿ ಕೊಟ್ಟರು. ಮೂರು ದಿನ ಅಲ್ಲೇ ಇದ್ದೆ. ಸೀನಿದರೆ ಗೋಡೆ ಕಟ್ಟಬಹುದಿತ್ತು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಪಾದರಸ ಏರಿತ್ತು. ಮೊದಲೆಲ್ಲ ಎರಡು ವಾರಕ್ಕೆ ಇಳಿಯುತ್ತಿತ್ತು. ಈ ಸಲ ಮೂರು ವಾರ ಕಳೆದರೂ ಇಳಿಯಲಿಲ್ಲ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಹೌದು ಎಂದರು. ನಿನ್ನನ್ನು ಬಿಟ್ಟರೆ ಇವರಿಗೆ ಮಾತ್ರ ಹೇಳಿದ್ದೇನೆ. ಸೇತುವೆ ಮುಗಿಯಿತು, ಇವರು ಮೊನ್ನೆ ಬಂದರಿಗೆ ಹೊರಟರು.

ದೀಪದ ಕೋಣೆಯಲ್ಲಿ ಈಗ ನನಗೆ ಹೆದರಿಕೆಯಾಗುತ್ತದೆ. ಖಾಲಿ ಮೊಟ್ಟೆ ಹಿಡಿದಾಗಲೆಲ್ಲ ನಿನ್ನ ಮನೆಯ ಗೋಡೆ ಕಣ್ಣಿಗೆ ಬರುತ್ತದೆ. ಅದು ಈಗಲೂ ಕೂಗುತ್ತದೆಯೇ? ಸುಮ್ಮನಾಯಿತೆಂದು ಬರೆ. ಸುಳ್ಳಾದರೂ ಸರಿ.

ನಿನ್ನ ಗುಬ್ಬಿ


೨೨ ಅಕ್ಟೋಬರ್

ನನ್ನ ಗುಬ್ಬಿಗೆ,

ನಿನ್ನ ಕಾಗದವನ್ನು ದರ್ಜಿಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ನನಗೆ ಕೇಳಿಸಲಿಲ್ಲ. ಮನೆಗೆ ಕೇಳಿಸಲಿ ಎಂದು.

ಅದರ ವಿಷಯ ಸುಳ್ಳು ಬರೆಯಲಾರೆ. ಸುಮ್ಮನಾಗಿಲ್ಲ. ಇಷ್ಟು ವರ್ಷ ನಾನು ಅದನ್ನು ಯಾರದು ಎಂದು ಕೇಳಿದ್ದೇನೆ, ಗದರಿದ್ದೇನೆ, ಗುದ್ದಿದ್ದೇನೆ. ಓಗೊಟ್ಟಿರಲಿಲ್ಲ. ಹ್ಯಾಚರಿಯವಳಾಗಿಯೂ ಅದೊಂದು ಹೊಳೆದಿರಲಿಲ್ಲ ನೋಡು. ನಿನ್ನೆ ಮಧ್ಯಾಹ್ನ ಅದು ಶುರುಮಾಡಿದಾಗ ಗೋಡೆಗೆ ಬಾಯಿ ಹತ್ತಿರ ತಂದು, "ಓ, ಇಲ್ಲೇ ಇದ್ದೀನಿ ಮಗಾ" ಎಂದೆ.

ನಿಂತಿತು. ಹೆದರಿ ನಿಂತದ್ದಲ್ಲ, ಕೇಳಿಸಿಕೊಂಡಿತು. ಆಮೇಲೆ ಮೆಲ್ಲಗೆ ಇನ್ನೊಂದು ಸಲ ಕರೆಯಿತು. ನಾನೂ ಇನ್ನೊಂದು ಸಲ ಓಗೊಟ್ಟೆ. ಸಂಜೆಯವರೆಗೂ ಇದೇ ಕೆಲಸವಾಯಿತು. ಅನ್ನ ಸೀದುಹೋಯಿತು.

ನೀನು ಹೆದರಬೇಡ, ಚೆನ್ನಾಗಿ ತಿನ್ನು, ಭಾರ ಎತ್ತಬೇಡ. ನಿನ್ನದು ಹುಟ್ಟಿದ ಮೇಲೆ ಕರೆದುಕೊಂಡು ಬಾ. ಆ ಗೋಡೆಯ ಪಕ್ಕವೇ ಮಲಗಿಸೋಣ. ಮಗು ಅತ್ತ ಕಿವಿಯಿಟ್ಟು ನಕ್ಕರೆ, ಯಾಕೆ ನಗುತ್ತಿದೆ ಎಂದು ನನ್ನನ್ನು ಕೇಳಬೇಡ.

ನಿನ್ನ ದೊಡ್ಡಮ್ಮ